ಬವಳಿ, ರಕ್ತದೊತ್ತಡ ಮತ್ತು ನಾವು ಕಲಿತ ಪಾಠ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಪೋಷಕರ ಮತ್ತು ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ನೀಡಿದ ಉಪನ್ಯಾಸದ ಲಿಖಿತ ರೂಪ)





ಈ ಶಾಲೆ ಆರಂಭವಾದಾಗ ನಮ್ಮ ಹೊಸೂರು ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಎರಡು ಬಾರಿ ಬದಲಾದರೂ ಬೆಳಗಿನ ಪ್ರಾರ್ಥನೆಯ ಗಂಟೆ ಮಾತ್ರ ಬದಲಾಗಲಿಲ್ಲ. ಶಾಲೆಯ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ನಮಗಿಂತ ಬಲ್ಲವರು ಬರೆಯುತ್ತಿದ್ದಾರೆ. ಆದುದರಿಂದ ಸಮಿತಿಯವರು ನಮಗೆ ಇಷ್ಟವಾದ ವಿಷಯವನ್ನು ಕುರಿತು ಮಾತನಾಡಿರೆಂದು ಹೇಳಿದಾಗ, ಅದೇ ಪ್ರಾರ್ಥನಾ ಮೈದಾನದಲ್ಲಿ ನಾವು ಮಾಡಿದ ಒಂದು ತಪ್ಪನ್ನೂ, ಆ ತಪ್ಪಿನ ಬೆನ್ನುಹತ್ತಿ ಹೋಗಿ ಕಲಿತ ಒಂದಿಷ್ಟು ವಿಜ್ಞಾನವನ್ನೂ ನಿಮ್ಮ ಮುಂದಿಡಬೇಕೆಂದು ನಿಶ್ಚಯಿಸಿದೆವು. ನಾವು ಓದಿದ್ದು ಎಂ.ಎ., ಬಿ.ಎಡ್.; ನಾವು ವೈದ್ಯರಲ್ಲ. ವೈದ್ಯರಿಂದ ಕೇಳಿ, ಪುಸ್ತಕಗಳನ್ನು ಓದಿ ತಿಳಿದುದನ್ನು ಶಿಕ್ಷಕಿಯಾಗಿ ಹೇಳುತ್ತಿದ್ದೇವೆ, ಅಷ್ಟೇ.

ಕೆಲವು ವರ್ಷಗಳ ಹಿಂದಿನ ಸ್ವಾತಂತ್ರ್ಯ ದಿನಾಚರಣೆ. ಅಂದು ಮೋಡವಿಲ್ಲದೆ ಬಿಸಿಲು ಚುರುಗುಟ್ಟುತ್ತಿತ್ತು. ಅತಿಥಿಗಳು ಬರುವುದು ತಡವಾಯಿತು. ಮಕ್ಕಳು ಮುಕ್ಕಾಲು ಗಂಟೆ ಸಾಲಿನಲ್ಲಿ ಅಲುಗಾಡದೆ ನಿಂತಿದ್ದರು. ಧ್ವಜ ಏರಿತು, ಭಾಷಣ ಆರಂಭವಾಯಿತು. ಆಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಮುಖ ಬಿಳಿಚಿಕೊಂಡಿತು, ತೂಗಾಡಿದಳು. ಕಾರ್ಯಕ್ರಮದ ನಡುವೆ ಮಗು ಬಿದ್ದರೆ ಚೆನ್ನಾಗಿರುವುದಿಲ್ಲವೆಂದು ಇಬ್ಬರು ಶಿಕ್ಷಕಿಯರಿಗೆ ಸನ್ನೆ ಮಾಡಿದವರು ನಾವೇ. ಅವರು ಎರಡೂ ತೋಳುಗಳನ್ನು ಹಿಡಿದು ಅವಳನ್ನು ನಿಲ್ಲಿಸಿಯೇ ಇದ್ದರು. ಕ್ಷಣಾರ್ಧದಲ್ಲಿ ಅವಳ ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು, ಕೈಕಾಲು ಅದುರಿದವು. ಯಾರೋ ‘ಫಿಟ್ಸು, ಫಿಟ್ಸು’ ಎಂದು ಕೂಗಿದರು. ಮತ್ತಾರೋ ಅಂಗೈಗೆ ಕಬ್ಬಿಣದ ಬೀಗದ ಕೈ ತುರುಕಿದರು. ಬಳಿಕ ನೆಲದ ಮೇಲೆ ಮಲಗಿಸಿದೊಡನೆ ಒಂದು ನಿಮಿಷದೊಳಗೆ ಹುಡುಗಿ ಕಣ್ಣು ತೆರೆದು ನೀರು ಕೇಳಿದಳು.

ಮಗು ಎಚ್ಚರಗೊಂಡಿತು, ಆದರೆ ಆ ಕೂಗು ಊರಿನಲ್ಲಿ ಉಳಿಯಿತು. ‘ಹೆಡ್‌ಮಿಸ್ಸೇ ನೋಡಿದ್ದಾರಂತೆ, ಮೂರ್ಛೆರೋಗವಂತೆ’ ಎಂಬ ಮಾತು ಸಂಜೆಯೊಳಗೆ ಅವಳ ಮನೆ ಸೇರಿತು. ಮುಂದೆ ಮದುವೆಯ ಪ್ರಸ್ತಾಪ ಬಂದಾಗ ಇದು ಏಳುತ್ತದೆಂದು ಅಜ್ಜಿ ಅತ್ತರು. ಹುಡುಗಿ ಮೂರು ವಾರ ಶಾಲೆಗೆ ಬರಲಿಲ್ಲ. ಆ ಕುಟುಂಬದವರ ಒಪ್ಪಿಗೆ ಪಡೆದೇ ಈ ಸಂಗತಿಯನ್ನು ಹೇಳುತ್ತಿದ್ದೇವೆ.

ಇಲ್ಲಿ ಮೊದಲು ನಮ್ಮ ಭಾಷೆಯ ಒಂದು ತೊಡಕನ್ನು ಹೇಳಬೇಕು. ಬಿಸಿಲಲ್ಲಿ ನಿಂತು ಕಣ್ಣುಕತ್ತಲೆ ಬಂದು ಬಿದ್ದರೂ ‘ಮೂರ್ಛೆ ಹೋದಳು’ ಎನ್ನುತ್ತೇವೆ. ಮಿದುಳಿನ ವಿದ್ಯುತ್ ಚಟುವಟಿಕೆ ಏರುಪೇರಾಗಿ ಸೆಳವು ಬಂದರೂ ‘ಮೂರ್ಛೆರೋಗ’ ಎನ್ನುತ್ತೇವೆ. ನಮ್ಮ ಮಕ್ಕಳು ಬೀದಿಯಲ್ಲಿ ಆಡುವ ತಮಿಳಿನಲ್ಲಿ ಮೊದಲನೆಯದು ‘ಮಯಕ್ಕಂ’, ಎರಡನೆಯದು ‘ವಲಿಪ್ಪು’, ಅಲ್ಲಿ ಗೊಂದಲವಿಲ್ಲ. ನಮ್ಮಲ್ಲಿಯೂ ಬೇರೆ ಬೇರೆ ಪದಗಳಿಲ್ಲದಿಲ್ಲ. ‘ಬವಳಿ ಬಂದು ಬಿದ್ದ’ ಎಂದು ಹಿರಿಯರು ಹೇಳುತ್ತಿದ್ದರು. ಸೆಳವಿನ ರೋಗಕ್ಕೆ ಶಾಸ್ತ್ರಗಳು ‘ಅಪಸ್ಮಾರ’ ಎಂದವು. ನಾವು ಎರಡನ್ನೂ ಒಂದೇ ಪದದಲ್ಲಿ ಸುತ್ತಿ ಒಂದು ಮಗುವಿನ ತಲೆಯ ಮೇಲಿಟ್ಟೆವು. ಅಪಸ್ಮಾರವಾದರೂ ನಾಚಬೇಕಾದ ರೋಗವಲ್ಲ. ಔಷಧಿಯಿಂದ ಹತೋಟಿಗೆ ಬರುವ ರೋಗ. ಆದರೆ ಇಲ್ಲದ ರೋಗವನ್ನು ಹೊರಿಸುವ ಅಧಿಕಾರ ಯಾರಿಗೂ ಇಲ್ಲ. ಇಂದಿನ ಉಪನ್ಯಾಸದಲ್ಲಿ ‘ಬವಳಿ’ ಎಂಬ ಪದವನ್ನೇ ಬಳಸುತ್ತೇವೆ.

ಹಾಗಾದರೆ ಬವಳಿ ಏಕೆ ಬರುತ್ತದೆ? ಮಲಗಿರುವಾಗ ನಮ್ಮ ಹೃದಯ, ತಲೆ, ಕಾಲು ಎಲ್ಲವೂ ಒಂದೇ ಮಟ್ಟದಲ್ಲಿರುತ್ತವೆ. ಎದ್ದು ನಿಂತೊಡನೆ ಅರ್ಧ ಲೀಟರಿಗೂ ಮಿಕ್ಕ ರಕ್ತ ಎದೆಯ ಭಾಗದಿಂದ ಹೊಟ್ಟೆ ಮತ್ತು ಕಾಲುಗಳಿಗೆ ಇಳಿಯುತ್ತದೆ. ವಯಸ್ಕರ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 5 ಲೀಟರ್ ಎಂಬುದನ್ನು ನೆನೆದರೆ ಇದು ಸಣ್ಣ ಪ್ರಮಾಣವಲ್ಲ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಅದು ಹೊರದೂಡುವ ರಕ್ತವೂ ಕಡಿಮೆಯಾಗುತ್ತದೆ, ಒತ್ತಡ ಕುಸಿಯುತ್ತದೆ. ಮಿದುಳಿಗೆ ಹತ್ತು ಸೆಕೆಂಡಿನಷ್ಟು ಕಾಲ ರಕ್ತ ತಲುಪದಿದ್ದರೆ ಪ್ರಜ್ಞೆ ತಪ್ಪುತ್ತದೆ. ಹೀಗಿದ್ದೂ ನಾವು ದಿನಕ್ಕೆ ನೂರು ಬಾರಿ ಎದ್ದು ಕುಳಿತರೂ ಬೀಳುವುದಿಲ್ಲ. ಏಕೆಂದರೆ ನಮಗೆ ತಿಳಿಯದಂತೆ ಒಳಗೊಂದು ಕಾವಲು ನಡೆಯುತ್ತಿರುತ್ತದೆ.

ದವಡೆಯ ಮೂಲೆಯ ಕೆಳಗೆ ಬೆರಳಿಟ್ಟರೆ ನಾಡಿ ಮಿಡಿಯುತ್ತದೆಯಷ್ಟೆ. ತಲೆಗೆ ರಕ್ತ ಒಯ್ಯುವ ಆ ಕೆರೋಟಿಡ್ ಅಪಧಮನಿ ಎರಡಾಗಿ ಕವಲೊಡೆಯುವ ಜಾಗದಲ್ಲಿ ಗೋಡೆ ತುಸು ಉಬ್ಬಿದೆ. ಅಲ್ಲಿಯೂ, ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲಿಯೂ ಹಿಗ್ಗುವಿಕೆಯನ್ನು ಗ್ರಹಿಸುವ ನರತುದಿಗಳಿವೆ. ಒತ್ತಡ ಏರಿ ಗೋಡೆ ಹಿಗ್ಗಿದರೆ ಅವು ಹೆಚ್ಚು ಸಂದೇಶಗಳನ್ನು ಮಿದುಳಿನ ಬುಡದಲ್ಲಿರುವ ಮೆಡುಲ್ಲಾಗೆ ಕಳುಹಿಸುತ್ತವೆ. ಒತ್ತಡ ಇಳಿದರೆ ಸಂದೇಶಗಳು ವಿರಳವಾಗುತ್ತವೆ. ಸಂದೇಶ ವಿರಳವಾದೊಡನೆ ಮೆಡುಲ್ಲಾ ಎರಡು ಕೆಲಸ ಮಾಡುತ್ತದೆ. ಹೃದಯವನ್ನು ತಡೆಹಿಡಿದಿರುವ ವೇಗಸ್ ನರದ ಬಿಗಿಯನ್ನು ಸಡಿಲಿಸುತ್ತದೆ. ಒಂದೆರಡು ಬಡಿತಗಳೊಳಗೆ ಹೃದಯ ಚುರುಕಾಗುತ್ತದೆ. ಜೊತೆಗೆ ರಕ್ತನಾಳಗಳನ್ನು ಬಿಗಿಗೊಳಿಸುವ ನರಗಳನ್ನು ಎಚ್ಚರಿಸುತ್ತದೆ. ಇದಕ್ಕೆ ಕೆಲವು ಸೆಕೆಂಡುಗಳು ಹಿಡಿಯುತ್ತವೆ. ಬಿಸಿ ಪಾತ್ರೆ ಮುಟ್ಟಿದ ಕೈ ತಾನಾಗಿ ಹಿಂದೆ ಸರಿಯುವುದನ್ನು ಹತ್ತನೆಯ ತರಗತಿಯಲ್ಲಿ ಪರಾವರ್ತಿತ ಕ್ರಿಯೆ ಎಂದು ಪಾಠ ಹೇಳುತ್ತೇವೆ. ಇದೂ ಅದೇ ಜಾತಿಯದು. ಆದರೆ ಹುಟ್ಟಿನಿಂದ ಸಾಯುವವರೆಗೆ ಬಿಡುವಿಲ್ಲದೆ ನಡೆಯುತ್ತದೆ.

ಇದನ್ನು ಕಂಡುಕೊಳ್ಳಲು ಮನುಷ್ಯನಿಗೆ ಬಹುಕಾಲ ಹಿಡಿಯಿತು. ರಕ್ತಕ್ಕೆ ಒತ್ತಡವಿದೆಯೆಂಬುದನ್ನು ಅಳೆದು ತೋರಿಸಿದವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುದುರೆಯ ಅಪಧಮನಿಗೆ ನಳಿಕೆ ಜೋಡಿಸಿ, ಗಾಜಿನ ಕೊಳವೆಯಲ್ಲಿ ರಕ್ತ ಎಂಟು ಅಡಿಗೂ ಮೇಲೆ ಏರಿದುದನ್ನು ಅವರು 1733ರಲ್ಲಿ ಪ್ರಕಟಿಸಿದರು. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಉಪಾಯವನ್ನು ಇಟಲಿಯ ರಿವಾ ರೊಚ್ಚಿ 1896ರಲ್ಲಿ ಕೊಟ್ಟರು. ಸ್ಟೆತೊಸ್ಕೋಪಿನಿಂದ ಸದ್ದನ್ನು ಆಲಿಸುವ ಕ್ರಮವನ್ನು ರಷ್ಯದ ಕೊರೊಟ್ಕಾಫ್ 1905ರಲ್ಲಿ ಸೇರಿಸಿದರು. ಕುತ್ತಿಗೆಯ ಆ ಕವಲಿನ ಮಹತ್ವವನ್ನು 1920ರ ದಶಕದಲ್ಲಿ ಜರ್ಮನಿಯ ಹೆರಿಂಗ್ ತೋರಿಸಿಕೊಟ್ಟರು. ಅದೇ ಜಾಗದ ನರತುದಿಗಳು ಉಸಿರಾಟವನ್ನೂ ನಿಯಂತ್ರಿಸುವ ಬಗೆಯನ್ನು ವಿವರಿಸಿದ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಸಂದಿತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಕಾವಲು ಸರಿಯಾಗಿದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಕುರ್ಚಿಯಲ್ಲಿ ಕೂರಿಸಿ ಬಿ.ಪಿ. ನೋಡಿದರೆ 120/80 ಎಂದು ಬರಬಹುದು. ಅದು ಆ ಹೊತ್ತಿನ ಸಂಖ್ಯೆ. ಕಾವಲುಗಾರನ ಎಚ್ಚರದ ವಿಷಯವನ್ನು ಅದು ಹೇಳುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು ಬೇರೆ ಕೆಲಸದಲ್ಲಿರುವ ತಾಯಿ ಎಷ್ಟು ಎಚ್ಚರದಲ್ಲಿದ್ದಾಳೆಂಬುದು ಹಾಲು ಉಕ್ಕಿ ಬಂದಾಗಲೇ ಗೊತ್ತಾಗುವುದು. ಹಾಗೆಯೇ ರಕ್ತದೊತ್ತಡವನ್ನು ಬೇಕೆಂದೇ ಸ್ವಲ್ಪ ಕದಲಿಸಿ, ದೇಹ ಅದನ್ನು ಎಷ್ಟು ಬೇಗ, ಎಷ್ಟು ಮಟ್ಟಿಗೆ ಸರಿಪಡಿಸುತ್ತದೆ ಎಂದು ನೋಡಬೇಕು. ಈ ಬಗೆಯ ಪರೀಕ್ಷೆಗಳೆಲ್ಲದರ ತಿರುಳು ಇದೇ.

ಅವುಗಳಲ್ಲಿ ಅತ್ಯಂತ ಸರಳವಾದುದಕ್ಕೆ ಒಂದು ಮಂಚ, ಒಂದು ಬಿ.ಪಿ. ಯಂತ್ರ, ಒಂದು ಗಡಿಯಾರ ಸಾಕು. ಐದು ನಿಮಿಷ ಮಲಗಿಸಿ ಒತ್ತಡ ಮತ್ತು ನಾಡಿಯನ್ನು ಬರೆದುಕೊಳ್ಳುವುದು. ಎಬ್ಬಿಸಿ ನಿಲ್ಲಿಸಿ ಒಂದನೆಯ ನಿಮಿಷದಲ್ಲಿ ಮತ್ತು ಮೂರನೆಯ ನಿಮಿಷದಲ್ಲಿ ಮತ್ತೆ ಅಳೆಯುವುದು. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನ ಸಂಖ್ಯೆ 10 ಅಥವಾ ಅದಕ್ಕಿಂತ ಹೆಚ್ಚು ಇಳಿದು ಹಾಗೆಯೇ ಉಳಿದರೆ, ನಿಂತಾಗ ಒತ್ತಡ ಕುಸಿಯುವ ತೊಂದರೆಯಿದೆ ಎಂದರ್ಥ. ನಾಡಿ ಎಷ್ಟು ಏರಿತೆಂಬುದೂ ಮುಖ್ಯ. ಒತ್ತಡ ಇಳಿದಿದ್ದರೂ ನಾಡಿ ಏರದೆ ಇದ್ದಲ್ಲಿಯೇ ಇದ್ದರೆ ನರಗಳೇ ದುರ್ಬಲವಾಗಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಇಷ್ಟು ಸರಳವಾದ ಪರೀಕ್ಷೆ ಎಷ್ಟೋ ಕಡೆ ನಡೆಯುವುದೇ ಇಲ್ಲ. ಏಕೆಂದರೆ ಅದಕ್ಕೆ ಬೇಕಾಗಿರುವುದು ಎಂಟು ಹತ್ತು ನಿಮಿಷಗಳ ತಾಳ್ಮೆ.

ಇದನ್ನೇ ಇ.ಸಿ.ಜಿ. ಹಚ್ಚಿಕೊಂಡು ಮಾಡಿದರೆ ಇನ್ನೂ ಸೂಕ್ಷ್ಮವಾದ ಸಂಗತಿ ಕಾಣುತ್ತದೆ. ಆರೋಗ್ಯವಂತರು ಎದ್ದು ನಿಂತಾಗ ಸುಮಾರು 15ನೆಯ ಬಡಿತದ ಹೊತ್ತಿಗೆ ಹೃದಯ ಅತಿ ವೇಗವಾಗಿರುತ್ತದೆ. 30ನೆಯ ಬಡಿತದ ಹೊತ್ತಿಗೆ ಒತ್ತಡ ಚೇತರಿಸಿಕೊಂಡು ಹೃದಯ ನಿಧಾನಿಸುತ್ತದೆ. ಆ ಎರಡು ಕಡೆಯ ಬಡಿತಗಳ ನಡುವಣ ಅಂತರಗಳ ಅನುಪಾತ 1.04 ಅಥವಾ ಹೆಚ್ಚಿದ್ದರೆ ಸರಿ, 1.00 ಅಥವಾ ಕಡಿಮೆಯಿದ್ದರೆ ದೋಷ. ಮಧುಮೇಹದಿಂದ ನರಗಳು ಹಾಳಾಗಿವೆಯೇ ಎಂದು ತಿಳಿಯಲು ಎಡಿನ್‌ಬರೊದ ಯೂಯಿಂಗ್ ಮತ್ತು ಕ್ಲಾರ್ಕ್ ಎಂಬ ವೈದ್ಯರು ಇಂಥ ಐದು ಪರೀಕ್ಷೆಗಳನ್ನು ಒಟ್ಟುಗೂಡಿಸಿದರು. ಇಂದಿಗೂ ಪ್ರಯೋಗಾಲಯಗಳು ಅವನ್ನು ಅನುಸರಿಸುತ್ತವೆ.

ಅವುಗಳಲ್ಲಿ ಇನ್ನೊಂದು ಉಸಿರಿನ ಪರೀಕ್ಷೆ. ನಿಮಿಷಕ್ಕೆ ಆರು ಬಾರಿಯಂತೆ ನಿಧಾನವಾಗಿ, ಆಳವಾಗಿ ಉಸಿರಾಡಿಸಿದಾಗ ಉಸಿರೆಳೆದಂತೆ ನಾಡಿ ಏರಿ, ಬಿಟ್ಟಂತೆ ಇಳಿಯಬೇಕು. ಏರಿಳಿತಗಳ ವ್ಯತ್ಯಾಸ 15 ಬಡಿತ ಅಥವಾ ಹೆಚ್ಚಿದ್ದರೆ ವೇಗಸ್ ನರ ಚೆನ್ನಾಗಿದೆಯೆಂದು ತಿಳಿಯುತ್ತಾರೆ. ಮಕ್ಕಳಲ್ಲಿ ಈ ವ್ಯತ್ಯಾಸ ಹೆಚ್ಚು, ವೃದ್ಧರಲ್ಲಿ ಕಡಿಮೆ. ಪ್ರಾಣಾಯಾಮ ಮಾಡುವವರು ನಾಡಿಯ ಮೇಲೆ ಬೆರಳಿಟ್ಟುಕೊಂಡರೆ ಈ ಏರಿಳಿತ ತಮಗೇ ಅರಿವಿಗೆ ಬರುತ್ತದೆ.

ಮೂರನೆಯದು ಊದುವ ಪರೀಕ್ಷೆ. ಇಟಲಿಯ ವೈದ್ಯ ವಲ್‌ಸಾಲ್ವಾ 1704ರಲ್ಲಿ ಕಿವಿಯನ್ನು ಕುರಿತ ತಮ್ಮ ಗ್ರಂಥದಲ್ಲಿ ಬಾಯಿ ಮೂಗು ಮುಚ್ಚಿ ಉಸಿರನ್ನು ಒತ್ತುವ ಕ್ರಮವನ್ನು ವರ್ಣಿಸಿದ್ದರು. ಅದೇ ಇಂದು ರಕ್ತದೊತ್ತಡದ ಪರೀಕ್ಷೆಯಾಗಿದೆ. ನಳಿಕೆಯೊಂದಕ್ಕೆ 40 ಮಿಲಿಮೀಟರ್ ಪಾದರಸದ ಒತ್ತಡ ಬರುವಂತೆ 15 ಸೆಕೆಂಡು ಊದಬೇಕು. ಎದೆಯೊಳಗಿನ ಒತ್ತಡ ಹೆಚ್ಚಿ ಹೃದಯಕ್ಕೆ ರಕ್ತ ಮರಳುವುದು ಕಡಿಮೆಯಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಕಾವಲು ಎಚ್ಚರಗೊಂಡು ನಾಡಿಯನ್ನು ಓಡಿಸುತ್ತದೆ, ನಾಳಗಳನ್ನು ಬಿಗಿಗೊಳಿಸುತ್ತದೆ. ಊದುವುದನ್ನು ನಿಲ್ಲಿಸಿದೊಡನೆ ರಕ್ತ ಬಿಗಿದ ನಾಳಗಳಿಗೆ ನುಗ್ಗಿ ಒತ್ತಡ ಮೊದಲಿಗಿಂತ ಮೇಲೇರುತ್ತದೆ; ಆಗ ಹೃದಯ ತಟ್ಟನೆ ನಿಧಾನಿಸುತ್ತದೆ. ಇಪ್ಪತ್ತು ಮೂವತ್ತು ಸೆಕೆಂಡುಗಳಲ್ಲಿ ಒತ್ತಡ ಇಳಿದಾಗಿನ ನಡವಳಿಕೆ, ಏರಿದಾಗಿನ ನಡವಳಿಕೆ ಎರಡೂ ಕಾಣುತ್ತವೆ. ನಿಧಾನಗತಿಯ ಮತ್ತು ವೇಗಗತಿಯ ಬಡಿತಗಳ ಅಂತರದ ಅನುಪಾತ 1.21 ಅಥವಾ ಹೆಚ್ಚಿರಬೇಕೆಂಬುದು ಯೂಯಿಂಗ್ ಅವರ ಅಳತೆ. ಉಳಿದೆರಡರಲ್ಲಿ ಒಂದು ಮುಷ್ಟಿಯನ್ನು ಬಿಗಿಯಾಗಿ ಹಿಡಿದಿದ್ದು ಒತ್ತಡ ಎಷ್ಟು ಏರುವುದೆಂದು ನೋಡುವುದು; ಇನ್ನೊಂದು ನಿಂತಾಗ ಎಷ್ಟು ಇಳಿಯುವುದೆಂದು ನೋಡುವುದು. ಈ ಊದುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಬಾರದು. ಕಣ್ಣಿನ ಅಕ್ಷಿಪಟಲದ ತೊಂದರೆಯಿರುವ ಮಧುಮೇಹಿಗಳಿಗೆ ಇದು ಅಪಾಯಕರ.

ಇನ್ನೊಂದು ವಿಧಾನ ನಿಖರತೆಗೆ ಹೆಸರಾದುದು. 1969ರಲ್ಲಿ ಆಕ್ಸ್‌ಫರ್ಡಿನ ಸ್ಮಿತ್, ಸ್ಲೈಟ್ ಮತ್ತು ಪಿಕರಿಂಗ್ ರಕ್ತನಾಳವನ್ನು ಬಿಗಿಗೊಳಿಸುವ ಔಷಧಿಯನ್ನು ಚುಚ್ಚಿ, ಒತ್ತಡ ಏರಿದಂತೆ ಪ್ರತಿ ಬಡಿತದ ಅಂತರ ಎಷ್ಟು ಹಿಗ್ಗುತ್ತದೆಂದು ಅಳೆದರು. ಒಂದು ಅಕ್ಷದಲ್ಲಿ ಒತ್ತಡ, ಇನ್ನೊಂದರಲ್ಲಿ ಬಡಿತದ ಅಂತರ. ಬಿಂದುಗಳನ್ನು ಸೇರಿಸಿದರೆ ಓರೆಯಾದ ಸರಳರೇಖೆ. ನಮ್ಮ ಮಕ್ಕಳು ಗಣಿತದಲ್ಲಿ ಕಲಿಯುವ ಓಟವೇ, ಅಂದರೆ ರೇಖೆಯ ಇಳಿಜಾರೇ, ಇಲ್ಲಿ ಉತ್ತರ. ಒತ್ತಡ 1 ಮಿಲಿಮೀಟರ್ ಏರಿದರೆ ಬಡಿತದ ಅಂತರ ಎಷ್ಟು ಮಿಲಿಸೆಕೆಂಡು ಹೆಚ್ಚಿತು? ಆರೋಗ್ಯವಂತ ಯುವಕರಲ್ಲಿ ಇದು 15ರ ಆಸುಪಾಸಿನಲ್ಲಿರುತ್ತದೆ. ವಯಸ್ಸಾದಂತೆ, ರಕ್ತದೊತ್ತಡದ ಕಾಯಿಲೆ ಬಂದಂತೆ ಇಳಿಯುತ್ತದೆ. ಹೃದಯಾಘಾತದಿಂದ ಚೇತರಿಸಿಕೊಂಡ 1,284 ಜನರನ್ನು ಹೀಗೆ ಪರೀಕ್ಷಿಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಈ ಸಂಖ್ಯೆ 3ಕ್ಕಿಂತ ಕಡಿಮೆಯಿದ್ದವರಲ್ಲಿ ಮುಂದೆ ಸಾವಿನ ಅಪಾಯ ಹೆಚ್ಚಾಗಿತ್ತು. ಕಾವಲುಗಾರನ ಮಂಪರು ಹೃದಯಕ್ಕೇ ಅಪಾಯ ತರಬಲ್ಲದೆಂದು ಅದರಿಂದ ತಿಳಿಯಿತು.

ಔಷಧಿ ಚುಚ್ಚದೆಯೂ ಇದನ್ನು ಅಳೆಯಬಹುದು. ಚೆಕೊಸ್ಲೊವಾಕಿಯಾದ ಯಾನ್ ಪೆನ್ಯಾಜ್ 1973ರಲ್ಲಿ ಬೆರಳಿಗೆ ಸುತ್ತುವ ಪುಟ್ಟ ಪಟ್ಟಿಯಿಂದ ಪ್ರತಿಯೊಂದು ಬಡಿತದ ಒತ್ತಡವನ್ನೂ ಬಿಡದೆ ತೋರಿಸುವ ಉಪಾಯವನ್ನು ಮುಂದಿಟ್ಟರು. ಅದನ್ನು ಹಾಕಿಕೊಂಡು ಸುಮ್ಮನೆ ಮಲಗಿದ್ದರೂ ಒತ್ತಡ ತಾನಾಗಿ ಸಣ್ಣದಾಗಿ ಏರಿಳಿಯುತ್ತಿರುತ್ತದೆ. ಮೂರು ಅಥವಾ ಹೆಚ್ಚು ಬಡಿತಗಳ ಕಾಲ ಒತ್ತಡ ಒಂದೇ ಸಮನೆ ಏರಿ, ಬಡಿತದ ಅಂತರವೂ ಜೊತೆಗೇ ಹಿಗ್ಗಿದ ಸಾಲುಗಳನ್ನು ಗಣಕಯಂತ್ರ ಹುಡುಕಿ ಇಳಿಜಾರನ್ನು ಲೆಕ್ಕ ಹಾಕುತ್ತದೆ. ಕುತ್ತಿಗೆಗೆ ಗಾಳಿಯಾಡದ ಪಟ್ಟಿ ತೊಡಿಸಿ, ಒಳಗಿನ ಗಾಳಿಯನ್ನು ಹೀರಿ ಆ ಕವಲನ್ನಷ್ಟೇ ಹಿಗ್ಗಿಸಿ ನೋಡುವ ಕ್ರಮವೂ ಸಂಶೋಧನಾಲಯಗಳಲ್ಲಿದೆ. ಮಕ್ಕಳೇ, ಈ ಮಾತು ಕೇಳಿ ಯಾರೂ ಆಟಕ್ಕೂ ಒಬ್ಬರ ಕುತ್ತಿಗೆಯನ್ನೊಬ್ಬರು ಒತ್ತಬಾರದು. ಆ ಕವಲನ್ನು ಒತ್ತಿದರೆ ಹೃದಯ ಕೆಲವು ಕ್ಷಣ ನಿಂತುಹೋಗಬಹುದು.

ಇನ್ನು ಉಳಿದುದು ನಮ್ಮ ಹುಡುಗಿಗೆ ಮಾಡಿದ ಪರೀಕ್ಷೆ. ಅವಳ ತಂದೆತಾಯಿಯರನ್ನು ಒಪ್ಪಿಸಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋದೆವು. ವೈದ್ಯರು ಮೊದಲು ಒಂದೊಂದಾಗಿ ಪ್ರಶ್ನೆ ಕೇಳಿದರು. ಬೀಳುವ ಮುನ್ನ ಬೆವರಿತೇ? ಕಣ್ಣು ಮಂಜಾಯಿತೇ? ಮಲಗಿಸಿದ ಮೇಲೆ ಎಷ್ಟು ಹೊತ್ತಿಗೆ ಎಚ್ಚರವಾಯಿತು? ಎಚ್ಚರವಾದಾಗ ಎಲ್ಲರ ಗುರುತು ಹಿಡಿದಳೇ? ಕೊನೆಗೆ, ‘ಬಿದ್ದವಳನ್ನು ಯಾರಾದರೂ ಎತ್ತಿ ನಿಲ್ಲಿಸಿಕೊಂಡಿದ್ದರೇ?’ ಎಂದರು. ನಾವು ತಲೆ ತಗ್ಗಿಸಿ ಹೌದೆಂದೆವು. ಬವಳಿ ಬಂದವರನ್ನು ನಿಲ್ಲಿಸಿಯೇ ಇಟ್ಟರೆ ಮಿದುಳಿಗೆ ರಕ್ತ ಸಿಗದೆ ಕೈಕಾಲು ಅದುರುತ್ತವೆ, ಅದು ಅಪಸ್ಮಾರವಲ್ಲ ಎಂದು ಅವರು ವಿವರಿಸಿದರು. ಬೀಳುವುದೇ ದೇಹದ ಕೊನೆಯ ಉಪಾಯವಂತೆ. ಮಲಗಿದೊಡನೆ ರಕ್ತ ತಲೆಗೆ ಹರಿಯುತ್ತದೆ. ಆ ಉಪಾಯವನ್ನು ನಾವೇ ತಡೆದಿದ್ದೆವು.

ನಿಶ್ಚಯಕ್ಕೆಂದು ವಾಲುಮಂಚದ ಪರೀಕ್ಷೆ ಮಾಡಿದರು. ಕಾರಣ ತಿಳಿಯದ ಬವಳಿಯನ್ನು ಪತ್ತೆಹಚ್ಚಲು ಈ ಕ್ರಮವನ್ನು ಬಳಸಬಹುದೆಂದು 1986ರಲ್ಲಿ ಲಂಡನ್ನಿನ ವೈದ್ಯರು ತೋರಿಸಿಕೊಟ್ಟರಂತೆ. ವೈದ್ಯರ ಅನುಮತಿಯಿಂದ ತಾಯಿಯ ಜೊತೆ ನಾವೂ ಒಳಗಿದ್ದೆವು. ಹುಡುಗಿಯನ್ನು ಮಲಗಿಸಿ, ಬೀಳದಂತೆ ಪಟ್ಟಿ ಕಟ್ಟಿ, ಎದೆಗೆ ಇ.ಸಿ.ಜಿ. ತಂತಿ, ಬೆರಳಿಗೆ ಆ ಪುಟ್ಟ ಪಟ್ಟಿ ಹಾಕಿ, ಮಂಚವನ್ನು 70 ಡಿಗ್ರಿಗೆ ಮೇಲೆತ್ತಿದರು. ಮೊದಲು ಎಲ್ಲವೂ ಸರಿಯಾಗಿತ್ತು. ನಾಡಿ ಸ್ವಲ್ಪ ಏರಿತು, ಒತ್ತಡ ಕದಲಲಿಲ್ಲ. ಕಾವಲು ತನ್ನ ಕೆಲಸ ಮಾಡುತ್ತಿತ್ತು. ಇಪ್ಪತ್ತು ನಿಮಿಷ ಕಳೆಯಿತು. ಆಮೇಲೆ ಅವಳು ಆಕಳಿಸಿದಳು, ಹಣೆಯಲ್ಲಿ ಬೆವರು ಕಾಣಿಸಿತು, ಮುಖ ಬಿಳಿಚಿತು. ಪರದೆಯ ಮೇಲೆ ಒತ್ತಡದ ಗೆರೆ ಕುಸಿಯಿತು. ಅದರೊಂದಿಗೆ ನಾಡಿಯೂ ಏರುವ ಬದಲು ಇಳಿಯಿತು. ಕೂಡಲೇ ಮಂಚವನ್ನು ಮಲಗಿಸಿದರು. ಅರ್ಧ ನಿಮಿಷದಲ್ಲಿ ಕಣ್ಣು ತೆರೆದು, ‘ಟೀಚರ್, ನಾನು ಮತ್ತೆ ಬಿದ್ದೆನಾ?’ ಎಂದಳು. ‘ಅದಕ್ಕೇ ಅಲ್ಲವೇ ಕರೆಸಿದ್ದು, ತಾಯಿ’ ಎಂದು ವೈದ್ಯರು ನಕ್ಕರು. ಅಂದು ಪಕ್ಕದಲ್ಲಿ ನಿಂತಿದ್ದ ಅವಳ ತಾಯಿ ಅತ್ತರು. ಅದು ಹಗುರಾದ ಅಳು.

ವೈದ್ಯರು ಗೆರೆಗಳನ್ನು ತೋರಿಸಿ ಹೇಳಿದ ಮಾತು ನೆನಪಿನಲ್ಲಿಡತಕ್ಕದ್ದು. ವಯಸ್ಸಾದವರಲ್ಲಿ ಅಥವಾ ಬಹುಕಾಲದ ಮಧುಮೇಹಿಗಳಲ್ಲಿ ಕಾವಲು ದುರ್ಬಲವಾಗಿರುವುದರಿಂದ, ನಿಂತ ಮೂರು ನಿಮಿಷಗಳೊಳಗೇ ಒತ್ತಡ ಇಳಿಯುತ್ತದೆ. ಬೆಳೆಯುವ ಮಕ್ಕಳಲ್ಲಿ ಹಾಗಲ್ಲ. ಅವರ ಕಾವಲು ಗಟ್ಟಿಯಾಗಿಯೇ ಇರುತ್ತದೆ. ಬಹಳ ಹೊತ್ತು ಹಿಡಿದು ನಿಲ್ಲಿಸುತ್ತದೆ. ಆದರೆ ಬಿಸಿಲು, ನೀರಡಿಕೆ, ಅಲುಗಾಡದ ಕಾಲು, ಭಯ ಇವೆಲ್ಲ ಸೇರಿದಾಗ ಮತ್ತೊಂದು ಪರಾವರ್ತಿತ ಕ್ರಿಯೆ ನಡುವೆ ನುಗ್ಗಿ ಹೃದಯವನ್ನು ನಿಧಾನಗೊಳಿಸಿ, ನಾಳಗಳನ್ನು ಸಡಿಲಿಸಿಬಿಡುತ್ತದೆ. ಆದುದರಿಂದ ಬವಳಿ ಬಂದ ಮಗು ದುರ್ಬಲವೂ ಅಲ್ಲ, ನಟಿಸುತ್ತಲೂ ಇಲ್ಲ.

ಇಂಥ ಪರೀಕ್ಷೆಗಳಿಗಾಗಿ ನಾವು ಬಹಳ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇರುವುದು ನಮ್ಮ ಊರಿನ ಹೆಸರು ಹೊತ್ತ ಹೊಸೂರು ರಸ್ತೆಯಲ್ಲಿಯೇ. ಅಲ್ಲಿಯ ನರಶರೀರಕ್ರಿಯಾ ವಿಭಾಗದಲ್ಲಿ ಈ ನರವ್ಯೂಹವನ್ನು ಪರೀಕ್ಷಿಸುವ ಪ್ರಯೋಗಾಲಯವಿದೆ. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಭಾಗದವರೂ ಇದರಲ್ಲಿ ಸಂಶೋಧನೆ ನಡೆಸಿದ್ದಾರೆ. ಯುದ್ಧವಿಮಾನದ ತಿರುವುಗಳಲ್ಲಿ ರಕ್ತ ಕಾಲಿಗಿಳಿದು ಚಾಲಕರಿಗೆ ಎಚ್ಚರ ತಪ್ಪುವ ಸಮಸ್ಯೆ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯ ಅಧ್ಯಯನದ ವಿಷಯ. ಪ್ರಾರ್ಥನಾ ಮೈದಾನದ ಮಗುವಿಗೂ ಆಕಾಶದ ಚಾಲಕನಿಗೂ ಎದುರಾಗುವ ಕಷ್ಟ ಮೂಲದಲ್ಲಿ ಒಂದೇ.

ಈ ಪಾಠದ ನಂತರ ಶಾಲೆಯಲ್ಲಿ ನಾವು ಕೆಲವು ಬದಲಾವಣೆಗಳನ್ನು ಮಾಡಿದೆವು. ಪ್ರಾರ್ಥನೆ ಹದಿನೈದು ನಿಮಿಷ ಮೀರುವುದಿಲ್ಲ. ತಮಿಳ್ ತಾಯ್ ವಾಳ್ತು ಮತ್ತು ರಾಷ್ಟ್ರಗೀತೆಗೆ ಎಲ್ಲರೂ ನಿಲ್ಲುತ್ತಾರೆ. ಭಾಷಣಕ್ಕೆ ಎಲ್ಲರೂ ಕುಳಿತುಕೊಳ್ಳುತ್ತಾರೆ, ಅತಿಥಿ ಎಷ್ಟೇ ದೊಡ್ಡವರಾಗಿರಲಿ. ಕಣ್ಣು ಮಂಜಾದರೆ, ಆಕಳಿಕೆ ಬೆವರು ಬಂದರೆ ಯಾರ ಅಪ್ಪಣೆಗೂ ಕಾಯದೆ ಕುಳಿತುಕೊಳ್ಳಬೇಕೆಂದು ಪ್ರತಿ ತರಗತಿಯಲ್ಲಿಯೂ ಹೇಳಿದ್ದೇವೆ. ಕೂರಲಾಗದ ಕಡೆ ಕಾಲಿಗೆ ಕಾಲು ಹೆಣೆದು, ತೊಡೆ ಹಾಗೂ ಮುಷ್ಟಿ ಬಿಗಿಹಿಡಿದರೆ ಕಾಲಿನ ರಕ್ತ ಮೇಲಕ್ಕೊತ್ತುತ್ತದೆ, ಅದನ್ನೂ ಕಲಿಸಿದ್ದೇವೆ. ಬಿದ್ದ ಮಗುವನ್ನು ಎತ್ತಿ ನಿಲ್ಲಿಸುವಂತಿಲ್ಲ. ಮಲಗಿಸಿ ಕಾಲುಗಳನ್ನು ಮೇಲಕ್ಕೆತ್ತಬೇಕು, ಗಾಳಿಗೆ ದಾರಿ ಬಿಡಬೇಕು, ಪೂರ್ಣ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬಾರದು. ಬೀಗದ ಕೈ ಬೀಗದಲ್ಲಿಯೇ ಇರಲಿ.

ಪೋಷಕರಲ್ಲಿ ಒಂದು ಎಚ್ಚರಿಕೆ. ಎಲ್ಲ ಬವಳಿಯೂ ನಿರಪಾಯವಲ್ಲ. ಓಡುವಾಗ, ಆಡುವಾಗ ಮಗು ಬಿದ್ದರೆ, ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದರೆ, ಎದೆನೋವು ಅಥವಾ ಎದೆ ಹೊಡೆದುಕೊಳ್ಳುವಿಕೆ ಇದ್ದರೆ, ಮನೆತನದಲ್ಲಿ ಎಳೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರಿದ್ದರೆ, ತಡಮಾಡದೆ ಹೃದಯದ ವೈದ್ಯರಿಗೆ ತೋರಿಸಬೇಕು. ಬೆಳಗ್ಗೆ ತಿಂಡಿ ಮತ್ತು ನೀರಿಲ್ಲದೆ ಮಗುವನ್ನು ಕಳುಹಿಸಬೇಡಿ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಇರುಳಿನಲ್ಲಿ ಎಚ್ಚರವಾದಾಗ ದಡಕ್ಕನೆ ಏಳಬೇಡಿ. ಮೊದಲು ಮಂಚದ ಅಂಚಿನಲ್ಲಿ ಕುಳಿತು ಕಾಲಾಡಿಸಿ, ಒಂದು ನಿಮಿಷ ಬಿಟ್ಟು ನಿಲ್ಲಿ. ಬಿ.ಪಿ. ಮಾತ್ರೆ ಸೇವಿಸುವವರು, ಮಧುಮೇಹಿಗಳು, ವೈದ್ಯರಲ್ಲಿಗೆ ಹೋದಾಗ ‘ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿ’ ಎಂದು ವಿನಯದಿಂದ ಕೇಳಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಇಲ್ಲಿಯ ಕಾರ್ಖಾನೆಗಳಲ್ಲಿ ದಿನವಿಡೀ ನಿಂತು ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಆಗಾಗ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರೆ, ನೀರು ಕುಡಿಯುತ್ತಿದ್ದರೆ ಅವರಿಗೂ ಹಿತ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವಿಜ್ಞಾನ ಕಷ್ಟವೆಂಬ ಮಾತನ್ನು ಈ ಗಡಿನಾಡಿನಲ್ಲಿ ನಾವು ಬಹಳ ಕೇಳಿದ್ದೇವೆ. ಇಂದು ನಾವು ಹೇಳಿದ್ದರಲ್ಲಿ ಮನೆಯ ಅಜ್ಜಿಗೆ ತಿಳಿಸಲಾಗದ್ದು ಯಾವುದೂ ಇಲ್ಲವೆಂದು ನಂಬಿದ್ದೇವೆ. ಆ ಹುಡುಗಿಯ ಅಜ್ಜಿಗೆ ತಿಳಿಸಿದವಳು ಅವಳೇ. ಕಾಗದದ ಮೇಲೆ ಒತ್ತಡದ ಗೆರೆ, ನಾಡಿಯ ಗೆರೆ ಎಳೆದು, ‘ಇದು ಬವಳಿ ಅಜ್ಜಿ, ಫಿಟ್ಸ್ ಅಲ್ಲ’ ಎಂದು ಕನ್ನಡದಲ್ಲಿ ವಿವರಿಸಿದಳು. ಮರುದಿನ ಅಜ್ಜಿಯೇ ಅವಳನ್ನು ಕೈಹಿಡಿದು ಶಾಲೆಗೆ ಕರೆತಂದರು. ನೂರು ವರ್ಷಗಳಲ್ಲಿ ಈ ಗೇಟಿನೊಳಗೆ ಬಂದ ಅನೇಕ ಹಿರಿಯರನ್ನು ಶಾಲೆ ಗೌರವಿಸಿದೆ. ಆ ಅಜ್ಜಿಯ ಮುಂದೆ ನಾವು ಕೈಮುಗಿದು ತಪ್ಪಾಯಿತೆಂದು ಹೇಳಿದೆವು. ಆ ಮಾತನ್ನು ಇಂದು ನಿಮ್ಮೆಲ್ಲರ ಸಮಕ್ಷಮದಲ್ಲಿಯೂ ಹೇಳಿ ನಮ್ಮ ಉಪನ್ಯಾಸವನ್ನು ಮುಗಿಸುತ್ತೇವೆ.